ರೊಟ್ಟಿ ಬುಟ್ಟಿಯಲ್ಲಿ ಚಂದ್ರಿಯ ಪ್ರಯಾಣ

ನಮ್ಮ ಮನೆಯ ರೊಟ್ಟಿ ಬುಟ್ಟಿಯಲ್ಲಿ ರೊಟ್ಟಿ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೇಳದೆ ಕಳೆದ ವಾರ ಪೇಚಿಗೆ ಸಿಕ್ಕಿಕೊಂಡೆ. ಕಲಘಟಗಿಯಿಂದ ನಮ್ಮ ಶಾಲೆಗೆ ಬಂದಿದ್ದ ಸಾಹೇಬರೊಬ್ಬರನ್ನು ಮಧ್ಯಾಹ್ನ ಊಟಕ್ಕೆ ಕರೆದಿದ್ದೆ. ತಾಟಿಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲ ಬಂದಿತ್ತು. ರೊಟ್ಟಿ ಇನ್ನೂ ಹಂಚಿನ ಮೇಲಿತ್ತು. ಸಾಹೇಬರು ಸಂಕೋಚದ ಮನುಷ್ಯರಲ್ಲ. ಗೋಡೆ ಬದಿಗಿದ್ದ ಬಿದಿರಿನ ಬುಟ್ಟಿ ನೋಡಿ, "ಬಿಸೀದ ಯಾಕ್ರಿ ಅಕ್ಕಾರ, ನನಗ ಖಡಕ್ ರೊಟ್ಟಿನ ಸೇರತಾವು" ಎನ್ನುತ್ತ ಕೈಚಾಚಿ ಮುಚ್ಚಳ ತೆಗೆದರು. ಒಳಗಿನಿಂದ ಚಂದ್ರಿ ಎದ್ದು ನಿಂತು, ಮೈಮುರಿದು, ಅವರ ಮುಖದ ಮುಂದೆಯೇ ಆಕಳಿಸಿದಳು. ಸಾಹೇಬರ ಕೈಯಲ್ಲಿ ಮುಚ್ಚಳ ಹಾಗೆಯೇ ಉಳಿಯಿತು.

ಚಂದ್ರಿ ನಮ್ಮ ಮನೆಯ ಬೆಕ್ಕು. ಮೈಯೆಲ್ಲ ಕಂದು, ಹಣೆಯ ಮೇಲೆ ಮಾತ್ರ ಸುಣ್ಣದ ಬೆರಳು ಒತ್ತಿದ ಹಾಗೆ ಒಂದು ಬಿಳಿ ಮಚ್ಚೆ. ಬುಟ್ಟಿ ನನ್ನ ಹೆಂಡತಿ ಗಿರಿಜಾಳದು, ಮದುವೆಯಲ್ಲಿ ತವರಿನಿಂದ ಬಂದದ್ದು. ಅದರ ವಿಷಯದಲ್ಲಿ ಅವಳು ಎಷ್ಟು ಬಿಗಿ ಎಂದರೆ, ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ನಾನು ಕೈ ತೊಳೆದುಕೊಂಡೇ ಅದನ್ನು ಮುಟ್ಟಬೇಕಾಗಿತ್ತು. ಅಂಥ ಬುಟ್ಟಿಯಲ್ಲಿ ಈಗ ಬೆಕ್ಕು ಕಾಲು ತೊಳೆಯದೆ ಮಲಗುತ್ತದೆ. ಇದು ಹೇಗಾಯಿತೆಂದು ಸಾಹೇಬರು ಕೇಳಿದರು. ಊಟಕ್ಕೆ ಕೂತವರ ಮುಂದೆ ಹೇಳುವ ಕಥೆ ಅದಲ್ಲ. ನಿಮ್ಮದು ಊಟ ಆಗಿದೆ ಎಂದುಕೊಂಡು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನಗೆ ಶಲವಡಿಯಿಂದ ಮಿಶ್ರಿಕೋಟಿಗೆ ವರ್ಗವಾಯಿತು. ನಾನು ಲೆಕ್ಕದ ಮಾಸ್ತರ. ಯಾವ ಕೆಲಸವನ್ನಾದರೂ ಒಂದು, ಎರಡು, ಮೂರು ಎಂದು ಕ್ರಮವಾಗಿ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ ಎಂದು ನಂಬಿದವನು. ಶಲವಡಿಯಲ್ಲಿ ನಮ್ಮದು ಬಾಡಿಗೆ ಮನೆ, ಹದಿನೆಂಟು ವರ್ಷ ಇದ್ದೆವು. ಒಂದು ಸಂಜೆ ಅವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಂದ್ರಿ ಅವಳ ತೊಡೆಯ ಮೇಲಿತ್ತು. ನಾನು ಚಪ್ಪಲಿ ಬಿಡುತ್ತಲೇ ಹೇಳಿದೆ, "ಯವ್ವಾ, ಇನ್ನ ಹದಿನೈದ ದಿನಕ್ಕ ಮಿಶ್ರಿಕೋಟಿಗೆ ಹೋಗೂದೈತಿ. ಸಾಮಾನ ಕಟ್ಟಾಕ ಸುರು ಮಾಡೂಣು."

ಅವ್ವ ಜೋಳದಿಂದ ಕಣ್ಣೆತ್ತಲಿಲ್ಲ. "ಚಂದ್ರಿ?" ಎಂದಳು.

"ಬೆಕ್ಕ ಅಲ್ಲೂ ಸಿಗತಾವ ಬಿಡಬೇ."

ಅವ್ವ ಮೊರವನ್ನು ಕೆಳಗಿಟ್ಟಳು. "ಮಕ್ಕಳೂ ಎಲ್ಲಾ ಕಡೆ ಸಿಗತಾವಪಾ. ಸಂಶ್ಯಾಗ ನಿಮ್ಮಕ್ಕ ಅದಾಳ. ಚಂದ್ರಿ ಬಂದ್ರ ನಾ ಮಿಶ್ರಿಕೋಟಿಗೆ ಬರತೇನಿ. ಅದು ಅಲ್ಲಿ ಹೊಂದಿಕೊಂಡ್ರ ನಾನೂ ಇರತೇನಿ. ಇಲ್ಲಾಂದ್ರ ನನ್ನ ಸಂಶಿ ಬಸ್ಸಿಗೆ ಹತ್ತಿಸಿ ಬಿಡು."

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅವ್ವನಿಲ್ಲದ ಮನೆಯಲ್ಲಿ ನಾನು ಇದ್ದು ಗೊತ್ತಿಲ್ಲ. ಶಾಲೆಯಿಂದ ಬಂದಾಗ "ಯಾಕ ತಡಾ ಮಾಡಿದಿ?" ಎಂದು ಯಾರೂ ಬೈಯದ ಮನೆ ನನಗೆ ಬೇಡವಾಗಿತ್ತು. ವಯಸ್ಸು ಐವತ್ತರ ಹತ್ತಿರ ಬಂದರೂ ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ. ಹೀಗೆ ನಮ್ಮ ಮನೆ ಒಂದಾಗಿರುವುದೋ ಎರಡಾಗುವುದೋ ಎಂಬುದು ಬೆಕ್ಕಿನ ಮರ್ಜಿಗೆ ಬಿತ್ತು.

ಬೆಕ್ಕಿನ ಪ್ರಯಾಣ ನಮ್ಮ ಮನೆತನಕ್ಕೆ ಹೊಸದಲ್ಲ. ನಾನು ಸಣ್ಣವನಿದ್ದಾಗ ಸಂಶಿಯಲ್ಲಿ ನಮ್ಮ ಮನೆಗೆ ಒಂದು ಕರಿ ಬೆಕ್ಕು ಬೀಡುಬಿಟ್ಟಿತ್ತು. ನೆಲುವಿನ ಮೇಲಿನ ಬೆಣ್ಣೆಗೂ ಅದಕ್ಕೂ ಅಡ್ಡ ಬರುವವರು ಯಾರೂ ಇರಲಿಲ್ಲ. ಒಂದು ದಿನ ಅಪ್ಪ ಅದನ್ನು ಗೋಣಿಚೀಲಕ್ಕೆ ಹಾಕಿ, ದಾರಿ ಗೊತ್ತಾಗಬಾರದೆಂದು ಊರ ಅಗಸಿ ಬಾಗಿಲ ಮುಂದೆ ಚೀಲವನ್ನು ಮೂರು ಸುತ್ತು ತಿರುಗಿಸಿ, ಕುಂದಗೋಳ ಸಂತೆಗೆ ಒಯ್ದು ಬಿಟ್ಟು ಬಂದ. ಸಂಜೆ ಅಪ್ಪ ಕಾಲು ತೊಳೆದುಕೊಂಡು ವಿಜಯೋತ್ಸಾಹದಿಂದ ಚಹಾ ಕುಡಿಯುತ್ತಿದ್ದಾಗ ಬಾಜೂಮನೆಯವನು ಬಗಲಲ್ಲಿ ಬೆಕ್ಕು ಹಿಡಿದು ನಿಂತ. "ಕಾಕಾ, ನಿಮ್ಮ ಬೆಕ್ಕ ಪಾಪ ಸಂತ್ಯಾಗ ತಪ್ಪಿಸ್ಕೊಂಡ ಅಡ್ಡಾಡಾಕ ಹತ್ತಿತ್ರಿ. ಗುರತ ಸಿಕ್ತು, ಚಕ್ಕಡ್ಯಾಗ ಹಾಕ್ಕೊಂಡ ಬಂದೆ" ಎಂದ. ಅಪ್ಪ ಅವನಿಗೆ ಚಹಾ ಕೊಟ್ಟು, ಉಪಕಾರವಾಯಿತೆಂದು ಎರಡು ಸಲ ಹೇಳಬೇಕಾಯಿತು. ಅವ್ವ ಒಳಗೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ಕಾಲದಲ್ಲಿ ಬೆಕ್ಕಿನ ಪ್ರಯಾಣಕ್ಕೆ ಒಂದು ಗೋಣಿಚೀಲ ಸಾಕಾಗಿತ್ತು. ಆದರೆ ನಾನು ಓದಿದವನಲ್ಲವೇ, ಅಣ್ಣಿಗೇರಿಯ ದನದ ಡಾಕ್ಟರರ ಹತ್ತಿರ ಹೋದೆ.

ದವಾಖಾನೆಯ ಮುಂದೆ ಎಮ್ಮೆಗಳ ಸಾಲಿತ್ತು. ಹಗ್ಗ ಹಿಡಿದವರ ನಡುವೆ ನಾನೊಬ್ಬನೇ ಬರಿಗೈಯಲ್ಲಿದ್ದೆ. ಪಾಳಿ ಬಂದಾಗ ವಿಷಯ ಹೇಳಿದೆ. ಡಾಕ್ಟರರು ಇನ್ನೂ ಹುಡುಗರು, ನಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಹತ್ತಿರ ಕೂತರು.

"ಸರ, ಎಮ್ಮಿ ಆದ್ರ ಹಗ್ಗಾ ಹಿಡದ ಎಳಕೊಂಡ ಹೋಗ್ತೀವಿ. ಬೆಕ್ಕಿಗೆ ಮೊದಲ ಹೇಳಿ, ಕೇಳಿ, ಒಪ್ಪಿಸಬೇಕ್ರಿ. ಊರ ಬಿಟ್ಟ ಹೋಗೂದಂದ್ರ ಅದಕ್ಕ ಭಾಳ ಹೆದರಿಕಿ."

ನಾನು ಪಾಠ ಟಿಪ್ಪಣಿಯ ವಹಿ ತೆಗೆದು ಬರೆದುಕೊಂಡೆ. ಗಾಳಿಯಾಡುವ, ಮುಚ್ಚಳ ಗಟ್ಟಿಯಿರುವ ಬುಟ್ಟಿ ಬೇಕು. ಎಂಟು ದಿನ ಮೊದಲೇ ಅದನ್ನು ಮನೆಯಲ್ಲಿ ತೆರೆದಿಟ್ಟು, ಅದರೊಳಗೇ ಊಟ ಕೊಟ್ಟು ರೂಢಿ ಮಾಡಿಸಬೇಕು. ಆಮೇಲೆ ಮುಚ್ಚಳ ಹಾಕಿ ಸ್ವಲ್ಪ ಸ್ವಲ್ಪ ದೂರ ತಿರುಗಾಡಿಸಬೇಕು. ಹೊರಡುವ ನಾಲ್ಕೈದು ತಾಸು ಮೊದಲಿನಿಂದ ಹೊಟ್ಟೆಗೆ ಏನೂ ಹಾಕಬಾರದು, ಹಾಕಿದರೆ ಬಸ್ಸಿನ ಕುಲುಕಾಟಕ್ಕೆ ವಾಂತಿಯಾಗುತ್ತದೆ. ಅದು ದಿನಾ ಮಲಗುವ ಬಟ್ಟೆಯನ್ನೇ ಬುಟ್ಟಿಯಲ್ಲಿ ಹಾಸಬೇಕು.

"ಆ ಬಟ್ಟಿ ಮಾತ್ರ ಒಗೀಬ್ಯಾಡ್ರಿ ಸರ. ಹಳೇ ಮನಿ ವಾಸನಿ ಅದರಾಗ ಇರಬೇಕು. ಹೊಸಾ ಜಾಗಾದಾಗ ಅದಕ್ಕ ಅದೊಂದ ಧೈರ್ಯಾ" ಎಂದರು. ನಾನು ಅದರ ಕೆಳಗೆ ಎರಡು ಗೆರೆ ಎಳೆದೆ.

ಗಾಳಿಯಾಡುವ, ಮುಚ್ಚಳ ಗಟ್ಟಿಯಿರುವ ಬುಟ್ಟಿ ಮನೆಯಲ್ಲಿ ಒಂದೇ ಒಂದು ಇತ್ತು. ಗಿರಿಜಾಳನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವ್ವನೇ ಕೇಳಿದಳು. ಮರುದಿನ ಗಿರಿಜಾ ತಾನೇ ಬುಟ್ಟಿಯನ್ನು ಝಾಡಿಸಿ ತಂದು ನಡುಮನೆಯಲ್ಲಿಟ್ಟು, "ಅತ್ತೀ, ನಿಮ್ಮ ಸಲುವಾಗಿ ಕೊಟ್ಟೇನಿ, ಬೆಕ್ಕಿನ ಸಲುವಾಗಿ ಅಲ್ಲ" ಎಂದಳು. ಅವಳ ಕಣ್ಣು ಮಾತ್ರ ನನ್ನ ಮೇಲಿತ್ತು.

ಇನ್ನು ಹಾಸಿಗೆ. ಚಂದ್ರಿ ದಿನಾ ಮಲಗುತ್ತಿದ್ದದ್ದು ಅವ್ವನ ಕೌದಿಯ ಮೇಲೆ. ನಮ್ಮಜ್ಜಿಯ ಸೀರೆ, ಅಪ್ಪನ ಧೋತರ, ನಮ್ಮ ಹಳೆಯ ಅಂಗಿಗಳನ್ನೆಲ್ಲ ಸೇರಿಸಿ ಅವ್ವ ಕೈಯಾರೆ ಹೊಲಿದ ಕೌದಿ ಅದು. ಅಲ್ಲಲ್ಲಿ ಹರಿದಿತ್ತು, ಅಂಚು ಚಿಂದಿಯಾಗಿತ್ತು. ಹೊಸ ಊರಿಗೆ, ಹೊಸ ಮನೆಗೆ ಎಂದು ನಾನು ಹುಬ್ಬಳ್ಳಿಯಿಂದ ಅವ್ವನಿಗೊಂದು ಮೆತ್ತನೆಯ ಗಾದಿ ತಂದಿದ್ದೆ. ಹಾಗಾಗಿ ಕತ್ತರಿ ತೆಗೆದುಕೊಂಡು ಕೌದಿಯ ಒಂದು ಮೂಲೆಯನ್ನು ಬುಟ್ಟಿಯ ಅಳತೆಗೆ ಕತ್ತರಿಸಿದೆ. ಉಳಿದದ್ದನ್ನು ಎದುರುಮನೆ ಈರಪ್ಪ ಟ್ರ್ಯಾಕ್ಟರ್ ಸೀಟಿಗೆ ಹಾಕಿಕೊಳ್ಳುತ್ತೇನೆಂದು ಕೇಳಿದ್ದ, ಕೊಟ್ಟುಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆ ತುಣುಕ ಒಗೀಬ್ಯಾಡಂತ ಡಾಕ್ಟರ ಹೇಳ್ಯಾನಲ್ಲಾ, ನೆನಪಿರಲಿ" ಎಂದಷ್ಟೇ ಹೇಳಿ ಒಳಗೆ ಹೋದಳು. ನನ್ನ ಕೆಲಸದ ಅಚ್ಚುಕಟ್ಟುತನಕ್ಕೆ ನಾನೇ ಮೆಚ್ಚಿಕೊಂಡೆ.

ನಾಲ್ಕೇ ದಿನದಲ್ಲಿ ಚಂದ್ರಿ ಬುಟ್ಟಿಗೆ ಒಗ್ಗಿಕೊಂಡಿತು. ಐದನೆಯ ದಿನ ಬುಟ್ಟಿ ಅದರದಾಯಿತು. ಇನ್ನು ತಿರುಗಾಟದ ಅಭ್ಯಾಸ. ದಿನಾ ಸಂಜೆ ಗಾಡಿಯ ಮೇಲೆ ನಾನು ಮುಂದೆ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಗಿರಿಜಾ ಹಿಂದೆ, ಹೀಗೆ ಶಾಲೆಯವರೆಗೆ ಹೋಗಿ ಬರುತ್ತಿದ್ದೆವು. ನಮ್ಮ ಕಡೆ ಮುಚ್ಚಿದ ರೊಟ್ಟಿ ಬುಟ್ಟಿ ಮನೆ ಬಿಟ್ಟು ಹೊರಟಿತೆಂದರೆ ಯಾರದೋ ಮನೆಗೆ ಬುತ್ತಿ ಹೊರಟಿದೆ ಎಂದೇ ಅರ್ಥ. "ಯಾರ ಮನಿಗ್ರಿ ಮಾಸ್ತರ್ರ ಬುತ್ತಿ? ಏನ ವಿಶೇಷ?" ಎಂದು ಕಟ್ಟೆಕಟ್ಟೆಗೂ ಕೇಳಿದರು. ಬೆಕ್ಕಿಗೆ ಹವಾ ತಿನ್ನಿಸಲು ಹೊರಟಿದ್ದೇವೆ ಎಂದು ಹೇಳುವ ಎದೆ ನನಗಿರಲಿಲ್ಲ. "ಹೀಂಗ, ಗೆಳ್ಯಾರ ಮನಿಗೆ" ಎಂದೆ. ನನ್ನ ಗೆಳೆಯರೆಂದು ಊರಿಗೆ ಗೊತ್ತಿದ್ದವರು ಒಬ್ಬರೇ, ನಮ್ಮ ಶಾಲೆಯ ಪಿ.ಟಿ. ಮಾಸ್ತರರು. ಮೂರು ದಿನ ಬುತ್ತಿ ತಿಂದವರು ಮನೆಯಲ್ಲಿ ಏನು ಕಾರ್ಯ ಎಂದು ಹೇಳಲೊಲ್ಲರು ಎಂದು ಊರೆಲ್ಲ ಅವರ ಮೇಲೆ ಸಿಟ್ಟಾಯಿತು.

ಹೊರಡುವ ದಿನ ಬಂತು. ಸಾಮಾನು ಬೆಳಿಗ್ಗೆ ಟೆಂಪೋದಲ್ಲಿ ಮುಂದೆ ಹೋಯಿತು. ನಮ್ಮದು ಹತ್ತೂವರೆಯ ಬಸ್ಸು. ಆರು ಗಂಟೆಗೇ ನಾನು ನಡುಮನೆಯಲ್ಲಿ ನಿಂತು, "ಇನ್ನ ಮ್ಯಾಲ ಚಂದ್ರಿಗೆ ಯಾರೂ ಏನೂ ಹಾಕಬಾರದು" ಎಂದು ಸಾರಿದೆ. ಅವ್ವ, ಗಿರಿಜಾ ಇಬ್ಬರೂ ತಲೆಯಾಡಿಸಿದರು. ಇಷ್ಟು ಸುಲಭವಾಗಿ ಇಬ್ಬರೂ ತಲೆಯಾಡಿಸಿದಾಗಲೇ ನನಗೆ ಸಂಶಯ ಬರಬೇಕಿತ್ತು.

ನಮ್ಮಲ್ಲಿ ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಊರು ದಾಟಿಸುವುದಿಲ್ಲ. ಬಸ್ಸು ಬಂದು ಹಾರ್ನು ಹೊಡೆಯುತ್ತಿದ್ದರೂ ಅಂಗೈಗೆ ಒಂದು ಚಮಚ ಮೊಸರು ಹಾಕಿಯೇ ಹೊಸ್ತಿಲು ದಾಟಿಸುತ್ತೇವೆ. ಡಾಕ್ಟರರ ಮಾತು ನಮ್ಮ ವಹಿಯಲ್ಲಿತ್ತು, ಈ ಮಾತು ಮೈಯಲ್ಲಿತ್ತು.

ಅಣ್ಣಿಗೇರಿಯಲ್ಲಿ ಇಳಿದು ಹುಬ್ಬಳ್ಳಿ ಬಸ್ಸು ಹತ್ತಿದೆವು. ಅವ್ವ ಕಿಟಕಿಯ ಬದಿಗೆ, ನಡುವೆ ಗಿರಿಜಾ, ಈಚೆ ಕಡೆ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಾನು. ಹೊಸ ಊರಿಗೆ ಹೊಸ ಮಾಸ್ತರ ಹೋಗುತ್ತಾನೆಂದು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟಿದ್ದೆ. ಕಂಡಕ್ಟರ್ ಬಂದು ಬುಟ್ಟಿಗೆ ಕಿವಿಗೊಟ್ಟ.

"ಏನೈತ್ರಿ ಸರ ಇದರಾಗ?"

"ಬೆಕ್ಕರಿ."

"ಹಂಗಾರ ಅರ್ಧಾ ತಿಕೀಟ ತಗೀಬೇಕ್ರಿ."

ಅವ್ವ ಕಿಟಕಿಯಿಂದ ಇತ್ತ ತಿರುಗಿದಳು. "ಯಾಕಪಾ? ಹೆಣ್ಮಕ್ಕಳಿಗೆ ಬಸ್ಸ ಫ್ರೀ ಅಲ್ಲಾ? ಇದೂ ಹೆಣ್ಣ ಐತಿ."

"ಆಧಾರ ಕಾರ್ಡ ಐತೇನಬೇ ಯಮ್ಮಾ?" ಎಂದ ಕಂಡಕ್ಟರ್.

"ಮಾರೀ ನೋಡು, ಹಣಿ ಮ್ಯಾಲ ಗುರತೈತಿ. ನನ್ನ ಕಾರ್ಡಿನ್ಯಾಗಿನ ಫೋಟೋಕಿಂತ ಚಲೋ ಗುರತ ಸಿಗತೈತಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಸುಮ್ಮನೆ ಅರ್ಧ ಟಿಕೆಟು ತೆಗೆಸಿದೆ. "ಹಂಗಾರ ಅದಕ್ಕ ಅರ್ಧಾ ಸೀಟ ಕೊಡು" ಎಂದು ಅವ್ವ ಬೆನ್ನುಬಿಡಲಿಲ್ಲ. ಕಂಡಕ್ಟರ್ ಕೈಮುಗಿದು ಮುಂದೆ ಹೋದ.

ಅಷ್ಟರಲ್ಲಿ ಬುಟ್ಟಿಯೊಳಗಿಂದ ಒಂದು ಬೇರೆಯೇ ದನಿ ಬರತೊಡಗಿತು. ಮಿಯಾಂವ್ ಅಲ್ಲ, ಕೆರೆಯ ಕಪ್ಪೆ ಗಂಟಲು ಸರಿಮಾಡಿಕೊಂಡ ಹಾಗೆ. ನಾನು ಮುಚ್ಚಳ ಸ್ವಲ್ಪವೇ ಸರಿಸಿದೆ. ಚಂದ್ರಿ ತಲೆ ಹೊರಗೆ ಹಾಕಿ, ಕೌದಿಯ ತುಣುಕಿಗೆ ಒಂದು ಹನಿ ತಾಗದಂತೆ, ಎಲ್ಲವನ್ನೂ ನನ್ನ ಬಿಳಿ ಪ್ಯಾಂಟಿನ ಮೇಲೆ ಒಪ್ಪಿಸಿತು.

ಅಣ್ಣಿಗೇರಿ ಹಿಂದೆ ಉಳಿದು, ಹುಬ್ಬಳ್ಳಿ ಇನ್ನೂ ದೂರವಿದ್ದ ಆ ಜಾಗದಲ್ಲಿ, ಕಪ್ಪು ಎರಿ ಹೊಲಗಳ ನಡುವೆ, ನಾನು ವಿಚಾರಣೆ ಶುರುಮಾಡಿದೆ. ಸಾಕ್ಷಿ ನನ್ನ ತೊಡೆಯ ಮೇಲೇ ಇತ್ತು.

"ಮೊಸರನ್ನ ಯಾರ ಹಾಕಿದ್ರಿ?"

ಅವ್ವ ಹೊರಗಿನ ಹೊಲ ನೋಡುತ್ತ ಹೇಳಿದಳು, "ಒಂದ ತುತ್ತಪಾ. ಊರ ಬಿಟ್ಟ ಹೊಂಟೈತಿ, ಹಂಗ ಕಳಸೂದೇನ?"

"ಹಾಲಾಗ ಕಲಸಿದ ರೊಟ್ಟಿ?"

ಗಿರಿಜಾ ಸೆರಗಿನಿಂದ ನನ್ನ ಪ್ಯಾಂಟು ಒರೆಸುತ್ತಿದ್ದಳು. "ನೀವು ಬಚ್ಚಲದಾಗ ಇದ್ರಿ. ಅದು ನನ್ನ ಕಾಲ ಸುತ್ತಿದ್ರ ನಾ ಏನ ಮಾಡ್ಲಿ?" ಎಂದವಳು ಒರೆಸುವುದನ್ನು ನಿಲ್ಲಿಸಿ, ನನ್ನ ಮುಖ ನೋಡಿದಳು. "ಅದಿರ್ಲಿ. ಈ ಪೇಡೆ ಯಾರ ಹಾಕಿದ್ದು?"

ನಮ್ಮ ಮನೆಯಲ್ಲಿ ಪೇಡೆ ತರುವವನು ಒಬ್ಬನೇ. ಬಚ್ಚಿಡುವವನೂ ಅವನೇ. ನಾನು ಕಂಡಕ್ಟರನ ಸೀಟಿನ ಮೇಲೆ ಬರೆದದ್ದನ್ನು ಓದತೊಡಗಿದೆ. ಆ ಬೆಳಿಗ್ಗೆ ಖಾಲಿ ಮನೆಯ ಮೂಲೆಯಲ್ಲಿ ಬುಟ್ಟಿಯೊಳಗಿಂದ ಅದು ನನ್ನನ್ನು ನೋಡಿದ ರೀತಿಗೆ ಕರಗಿಹೋಗಿದ್ದೆ. ಅರ್ಧ ಪೇಡೆ, ಅಷ್ಟೇ. ಅವ್ವ ಹುಬ್ಬಳ್ಳಿ ಬರುವವರೆಗೂ ಸೆರಗು ಬಾಯಿಗೆ ಹಿಡಿದುಕೊಂಡೇ ಇದ್ದಳು.

ಮಿಶ್ರಿಕೋಟಿಯ ಮನೆಯಲ್ಲಿ ಇನ್ನೊಂದು ಪೇಚು ಕಾದಿತ್ತು. ಹೊಸ ಮನೆಗೆ ತಂದ ಬೆಕ್ಕನ್ನು ಎತ್ತಿಕೊಂಡು ಮೂರು ಸಲ ಒಲೆ ಸುತ್ತಿದರೆ ಅದು ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಅವ್ವನ ನಂಬಿಕೆ. ಇಲ್ಲಿ ಒಲೆಯೆಂದರೆ ಗೋಡೆಗೆ ಹತ್ತಿದ ಕಟ್ಟೆಯ ಮೇಲಿನ ಗ್ಯಾಸು. ಅದನ್ನು ಸುತ್ತಬೇಕಾದರೆ ಗೋಡೆಯೊಳಗಿಂದ ಹೋಗಬೇಕು. ಕೊನೆಗೆ ನಾನು ಗ್ಯಾಸಿನ ನಳಿಗೆ ಬಿಚ್ಚಿ ಒಲೆಯನ್ನು ಅಡುಗೆಮನೆಯ ನಡುವೆ ನೆಲದ ಮೇಲಿಟ್ಟೆ. ಅವ್ವ ಚಂದ್ರಿಯನ್ನು ಎದೆಗವಚಿಕೊಂಡು ಗಂಭೀರವಾಗಿ ಮೂರು ಸುತ್ತು ಬಂದಳು. ಬಾಡಿಗೆ ಮನೆಯ ಮಾಲಕರು ಪರಿಚಯ ಮಾಡಿಕೊಳ್ಳಲು ಬಂದವರು ಬಾಗಿಲಲ್ಲಿಯೇ ನಿಂತು, ಆಮೇಲೆ ಬರುತ್ತೇನೆ ಎಂದು ಹೋದರು.

ಚಂದ್ರಿ ಹೊಂದಿಕೊಂಡಿತು. ಡಾಕ್ಟರರು ಹೇಳಿದಂತೆ ಬುಟ್ಟಿಯನ್ನು ಒಂದೇ ಕೋಣೆಯಲ್ಲಿ ತೆರೆದಿಟ್ಟೆವು. ಎರಡು ದಿನ ಅದು ಬುಟ್ಟಿ ಬಿಟ್ಟು ಬರಲಿಲ್ಲ, ಮೂರನೆಯ ದಿನ ಹೊರಗೆ ಬಂದು ಮೂಲೆಮೂಲೆ ಮೂಸಿತು, ಐದನೆಯ ದಿನ ಹಿತ್ತಲಿಗೆ ಹೋಗಿ ತಾನಾಗಿಯೇ ತಿರುಗಿ ಬಂತು. ಲೆಕ್ಕದ ಉತ್ತರ ಸರಿ ಬಂದಿತ್ತು. ನಾನು ಹಿಗ್ಗಿಹೋದೆ.

ಎಂಟನೆಯ ದಿನ ಅವ್ವ ಕೇಳಿದಳು, "ಸಂಶಿಗೆ ಹೋಗಾಕ ಇಲ್ಲಿಂದ ಹ್ಯಾಂಗಪಾ? ಹುಬ್ಬಳ್ಳ್ಯಾಗ ಇಳೀಬೇಕನ?"

ಶಾಲೆಗೆ ಹೊರಟಿದ್ದವನು ಬಾಗಿಲಲ್ಲೇ ನಿಂತೆ. "ಯಾಕಬೇ? ಚಂದ್ರಿ ಹೊಂದಿಕೊಂಡೈತಲ್ಲಾ!"

"ಹೌದಪಾ. ಅದಕ್ಕ ಹೊಂದಿಕಿ ಆತು" ಎಂದಳು. ಬೈಗುಳವಿಲ್ಲ, ಸಿಟ್ಟಿಲ್ಲ. ಅವ್ವ ಬೈದಿದ್ದರೆ ಎರಡು ಮಾತು ತಿರುಗಿ ಆಡಬಹುದಿತ್ತು. ನೋಡುತ್ತೇನೆ, ಬಸ್ಸಿನ ಹೊತ್ತು ಕೇಳಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ಶಾಲೆಗೆ ಹೋದೆ.

ಅಂದು ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದಾಗ ಅವ್ವನ ಗಾದಿ ಖಾಲಿ ಇತ್ತು. ಹೊಸ ಗಾದಿ, ಒಂದು ಸುಕ್ಕೂ ಇಲ್ಲ. ಅವ್ವ ಬುಟ್ಟಿಯಿದ್ದ ಮೂಲೆಯಲ್ಲಿ ಬರಿನೆಲದ ಮೇಲೆ ಒರಗಿದ್ದಳು. ಚಂದ್ರಿ ಹಿತ್ತಲಲ್ಲಿತ್ತು. ಬುಟ್ಟಿಯಲ್ಲಿದ್ದ ಕೌದಿಯ ತುಣುಕನ್ನು ಅವ್ವ ತಲೆಯ ಕೆಳಗೆ ಇಟ್ಟುಕೊಂಡು, ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಕಣ್ಣು ತೆರೆದೇ ಇತ್ತು. ನನ್ನನ್ನು ಕಂಡವಳೇ ಎದ್ದು ಕೂತು, ಆ ತುಣುಕನ್ನು ಮತ್ತೆ ಬುಟ್ಟಿಯಲ್ಲಿ ಹಾಸಿ, "ನೆಲಾ ತಂಪೈತಂತ ಮಲಗಿದ್ದೆ" ಎಂದಳು.

ನಾನು ಊಟ ಮಾಡದೆ ತಿರುಗಿ ಹೋದೆ. ಬೆಕ್ಕಿಗೆ ಎಂಟು ದಿನ ಮೊದಲಿಂದ ರೂಢಿ ಮಾಡಿಸಿದ್ದೆ. ಅದು ಹೆದರಬಾರದು, ಅದಕ್ಕೆ ಹಳೆಯ ಮನೆಯ ವಾಸನೆ ಬೇಕು ಎಂದು ವಹಿಯಲ್ಲಿ ಎರಡು ಗೆರೆ ಎಳೆದಿದ್ದೆ. ಅವ್ವನಿಗೆ ಚಪ್ಪಲಿ ಬಿಡುತ್ತ ಒಂದು ಮಾತು ಹೇಳಿದ್ದೆ, ಸಾಮಾನು ಕಟ್ಟು ಎಂದು. ಅವಳ ಕೌದಿಯನ್ನು ಅವಳ ಕಣ್ಣೆದುರಿಗೇ ಕತ್ತರಿಸಿ ಬೆಕ್ಕಿಗೆ ಮೂಲೆ ಕೊಟ್ಟು, ಉಳಿದದ್ದನ್ನು ಟ್ರ್ಯಾಕ್ಟರಿಗೆ ಕೊಟ್ಟಿದ್ದೆ. ಅಂದು ಏಳನೆಯ ತರಗತಿಯಲ್ಲಿ ಸರಾಸರಿ ಕಲಿಸಬೇಕಿತ್ತು. ನನಗೆ ಆ ಲೆಕ್ಕ ಬೋರ್ಡಿನ ಮೇಲೆ ಎರಡು ಸಲ ತಪ್ಪಿತು.

ರವಿವಾರ ಗಿರಿಜಾಳಿಗೆ ಮಾತ್ರ ಹೇಳಿ ಮುಂಜಾನೆಯ ಬಸ್ಸು ಹತ್ತಿದೆ. ಶಲವಡಿಯಲ್ಲಿ ಈರಪ್ಪ ಟ್ರ್ಯಾಕ್ಟರಿನ ಮೇಲೇ ಕೂತಿದ್ದ, ಅಂದರೆ ನಮ್ಮ ಕೌದಿಯ ಮೇಲೆ. ನಾನು ಹೇಗೆ ಕೇಳಲೆಂದು ತೊದಲುತ್ತಿದ್ದಂತೆ ಅವನೇ ಕೆಳಗಿಳಿದ.

"ಕೌದಿ ಏನ್ರಿ ಮಾಸ್ತರ್ರ? ನಮ್ಮವ್ವ ದಿನಾ ಬೈತಿದ್ಲರಿ, ಮಾಸ್ತರ್ರ ಅವ್ವನ ಕೌದಿ ಮ್ಯಾಲ ಕುಂಡಿ ಊರತಿ ಅಂತ. ತಗೋರಿ. ಒಂದ ದಿನಾ ನಿಂದರ್ರಿ, ಒಗಿಸಿ ಕೊಡತೇನಿ. ಡೀಜಲ್ ವಾಸನಿ ಹಿಡದೈತಿ."

"ಬ್ಯಾಡೋ ಮಾರಾಯಾ, ಒಗೀಬ್ಯಾಡ!" ಎಂದು ನಾನು ಕೂಗಿದ ಕೂಗಿಗೆ ಅವನ ಎತ್ತು ತಿರುಗಿ ನೋಡಿತು.

ಮಧ್ಯಾಹ್ನ ಮಿಶ್ರಿಕೋಟಿಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಕೈಚೀಲ, ಸಂಶಿಗೆಂದು ತುಂಬಿಟ್ಟದ್ದು. ನಾನು ಕೌದಿಯನ್ನು ಅವಳ ಮುಂದಿಟ್ಟೆ. ಅವ್ವ ಅದನ್ನು ಬಿಚ್ಚಿ, ಒಂದು ಅಂಚು ಮೂಸಿದಳು, ಮುಖ ಸಿಂಡರಿಸಿದಳು. ಇನ್ನೊಂದು ಅಂಚು ಮೂಸಿದಳು. ಡೀಜಲ್ಲು ಮುಟ್ಟದ ಮೂಲೆಯೊಂದು ಸಿಕ್ಕಿರಬೇಕು, ಅದನ್ನು ಮುಖಕ್ಕೆ ಒತ್ತಿಕೊಂಡು ಹಾಗೆಯೇ ಕೂತಳು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ತಪ್ಪಾತಬೇ" ಎಂದೆ. ನನಗೆ ಅಳು ಬಂದಿತ್ತು.

"ಒಗದೀ ಏನ?" ಎಂದಳು, ಕೌದಿಯೊಳಗಿಂದಲೇ.

"ಇಲ್ಲಬೇ."

ಅವ್ವ ಕೈಚೀಲವನ್ನು ಗಿರಿಜಾಳ ಕಡೆ ಸರಿಸಿ, ಒಳಗಿಡು ಎಂದು ಕಣ್ಣಿನಿಂದಲೇ ಹೇಳಿದಳು. ಆಮೇಲೆ ಮೂಲೆ ಕತ್ತರಿಸಿದ ಕಡೆ ಕೌದಿಯನ್ನು ಮೇಲೆತ್ತಿ, ಆ ಖಾಲಿ ಜಾಗದಿಂದ ನನ್ನನ್ನು ನೋಡಿದಳು.

"ಆ ಡಾಕ್ಟರ ಭಾಳ ಶ್ಯಾಣ್ಯಾ ಅದಾನ. ಮುಂದಿನ ಸಲ ವರ್ಗ ಆದ್ರ, ಮೊದಲ ನನ್ನ ಅವನ ಕಡೆ ತೋರಿಸ್ಕೊಂಡ ಬಾ."